ಹದಿನಾರು ತುಂಬಿದವರಿಗೆ ಸ್ಕೂಟರ್ ಲೈಸೆನ್ಸ್ ಸಿಗುತ್ತದೆಯೇ?

ಮಗನಿಗೆ ಹದಿನಾರು ತುಂಬಿದೆ, ಮನೆಯ ಸ್ಕೂಟರ್ ಓಡಿಸಲು ಲೈಸೆನ್ಸ್ ಸಿಗಬಹುದೇ, ವಿದೇಶಗಳ ಹಂತ ಹಂತದ ಪರವಾನಗಿ ನಮ್ಮಲ್ಲೂ ಇದೆಯೇ ಎಂದು ಕುಂಬಳೆಯಿಂದ ಕೇಳಿದ್ದೀರಿ.

1988ರ ಮೋಟಾರು ವಾಹನ ಕಾಯ್ದೆಯಂತೆ, ಹೆತ್ತವರ ಲಿಖಿತ ಒಪ್ಪಿಗೆಯಿದ್ದರೆ 16ನೇ ವಯಸ್ಸಿಗೆ ಗೇರ್ ಇಲ್ಲದ, 50 ಸಿಸಿ ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ ಲೈಸೆನ್ಸ್ ದೊರೆಯುತ್ತದೆ. ಆದರೆ ಉಪ್ಪಳ, ಬದಿಯಡ್ಕದ ಮನೆಯಂಗಳಗಳಲ್ಲಿ ಕಾಣುವ ಸ್ಕೂಟರ್‌ಗಳು ಹೆಚ್ಚಾಗಿ 110 ಅಥವಾ 125 ಸಿಸಿಯವಾದುದರಿಂದ ಅವಕ್ಕೆ 18 ತುಂಬಲೇಬೇಕು. ಅದಕ್ಕೆ ಮೊದಲೇ ಕೀಲಿಕೈ ಕೊಟ್ಟು ಮಗ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗಿನ ಸೆರೆವಾಸವೂ ಆಗಬಹುದು, ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ನ್ಯೂಜಿಲೆಂಡ್‌ನಲ್ಲಿ 1987ರಿಂದ ಹಂತಗಳ ಪದ್ಧತಿಯಿದ್ದು, ಮಧ್ಯದ ಹಂತದಲ್ಲಿರುವವರು ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂಟಿಯಾಗಿ ಓಡಿಸುವಂತಿಲ್ಲ. ನಮ್ಮಲ್ಲಿರುವುದು ಆರು ತಿಂಗಳ ಕಲಿಕಾ ಲೈಸೆನ್ಸ್ ಒಂದೇ. ಅದು ಸಿಕ್ಕಿ 30 ದಿನ ಕಳೆದ ಬಳಿಕ ಪರೀಕ್ಷೆಗೆ ಹೋಗಬಹುದು, ಪಾಸಾದ ದಿನವೇ ಕೆಂಪು ‘ಎಲ್’ ಫಲಕ ಕಳಚುತ್ತದೆ. ಇದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ. ಆದುದರಿಂದ ಲೈಸೆನ್ಸ್ ಬಂದ ಮೇಲೂ ಮೊದಲ ಮಳೆಗಾಲವಿಡೀ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರಾತ್ರಿ ಸವಾರಿಯನ್ನೂ ಹಿಂದೆ ಗೆಳೆಯರನ್ನು ಕೂರಿಸಿಕೊಳ್ಳುವುದನ್ನೂ ಮನೆಯವರೇ ತಡೆಯಬೇಕು.