ಮನೆಯಲ್ಲೇ ಮಾಡಿದ ಆರ್ಕೇಡ್ ಪೆಟ್ಟಿಗೆಯ ಚಿತ್ರಗಳನ್ನು ನಾನೇ ವಿನ್ಯಾಸ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಉಡುಪಿಯಲ್ಲಿ ವಿಡಿಯೊ ಗೇಮ್ ಆಡಲೆಂದು ಪ್ಲೈವುಡ್ಡಿನ ಆಳೆತ್ತರದ ಪೆಟ್ಟಿಗೆ ಸಿದ್ಧವಾಗಿದೆ, ಇನ್ನು ಅದರ ಮೈಮೇಲೆ ಚಿತ್ರ ಬರಬೇಕು ಎಂದಿದ್ದೀರಿ. ಮಂಗಳೂರಿನಲ್ಲಿ ನಾನು ಇಂಥ ಎರಡು ಪೆಟ್ಟಿಗೆಗಳಿಗೆ ಚಿತ್ರ ಮಾಡಿದ್ದೇನೆ. ಕಂಪ್ಯೂಟರಿನ ಮುಂದೆ ಕೂರುವ ಮೊದಲು ಪೆಟ್ಟಿಗೆಯ ಮುಂದೆ ನಿಂತು ಅದರ ಆಕಾರವನ್ನು ಚೆನ್ನಾಗಿ ನೋಡಿ ಎನ್ನುವುದೇ ನನ್ನ ಮೊದಲ ಮಾತು.

ನನ್ನ ಎರಡನೆಯ ಪೆಟ್ಟಿಗೆಯ ಮೇಲಿರುವುದು ಪಿಲಿವೇಷ, ಅಂದರೆ ತುಳುನಾಡಿನ ಹುಲಿವೇಷ. ಆರಂಭದಲ್ಲಿ ವೇಷಧಾರಿಯ ಫೋಟೊವೊಂದನ್ನು ಪಕ್ಕದ ಹಲಗೆಯ ತುಂಬ ಹಿಗ್ಗಿಸಿ ನೋಡಿದ್ದೆ. ಗೋಡೆಗೆ ಅಂಟಿಸಿದ ಪೋಸ್ಟರಿನಂತೆ ಕಂಡಿತು, ಮನಸ್ಸಿಗೆ ಹಿಡಿಸಲಿಲ್ಲ. ಆ ವರ್ಷ ದಸರಾ ಹೊತ್ತಿಗೆ ವೇಷಕ್ಕೆ ಬಣ್ಣ ಬಳಿಯುವಲ್ಲಿ ಹೋಗಿ ಮಧ್ಯರಾತ್ರಿಯವರೆಗೆ ಕುಳಿತಿದ್ದೆ. ಹುಡುಗನೊಬ್ಬ ಬಣ್ಣ ಒಣಗಲೆಂದು ಎರಡೂ ತೋಳುಗಳನ್ನು ಚಾಚಿ, ಕೋಲಿನ ಆಸರೆಯಲ್ಲಿ ಅಲುಗಾಡದೆ ನಿಂತಿದ್ದ. ಹಳದಿಯ ಮೇಲೆ ಕಪ್ಪು ಪಟ್ಟೆ ಎಳೆಯುತ್ತಿದ್ದವರ ಕುಂಚ ಭುಜದಲ್ಲಿ ಬಾಗುತ್ತಿತ್ತು, ಪಕ್ಕೆಲುಬಿನ ಮೇಲೆ ಸಣ್ಣದಾಗುತ್ತಿತ್ತು, ಹೊಟ್ಟೆಯ ಹತ್ತಿರ ಅಗಲವಾಗಿ ಹರಡುತ್ತಿತ್ತು. ಪಟ್ಟೆ ಎಲ್ಲಿ ತಿರುಗಬೇಕೆಂದು ಮೈಯೇ ಹೇಳುತ್ತಿತ್ತು. ಮನೆಗೆ ಬಂದು ಆ ಫೋಟೊವನ್ನು ತೆಗೆದು ಹಾಕಿದೆ. ಪೆಟ್ಟಿಗೆಯ ಅಂಚು ಪರದೆಯ ಬಳಿ ಒಳಕ್ಕೆ ಸರಿದು, ಬಟನ್‌ಗಳಿರುವ ಹಲಗೆಯ ಬಳಿ ಮುಂದಕ್ಕೆ ಬರುತ್ತದಲ್ಲ, ಪಟ್ಟೆಗಳನ್ನೂ ಆ ತಿರುವಿನ ಜೊತೆಗೇ ಬಾಗಿಸಿದೆ. ಹಳದಿ, ಕಪ್ಪು, ಬಿಳಿ, ಅಷ್ಟೇ ಬಣ್ಣ. ಪೆಟ್ಟಿಗೆಗೇ ವೇಷ ಕಟ್ಟಿದಂತಾಯಿತು.

ಆದ್ದರಿಂದ ಮೊದಲು ದೊಡ್ಡ ಕಂದು ಕಾಗದವನ್ನು ಹಲಗೆಗೆ ಒತ್ತಿ ಹಿಡಿದು ಅಂಚನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಿ. ನಕ್ಷೆಯಲ್ಲಿರುವ ಅಳತೆಯನ್ನು ನಂಬಬೇಡಿ, ಬಡಗಿಯ ಗರಗಸ ಎರಡು ಮಿಲಿಮೀಟರ್ ಆಚೀಚೆ ಹೋಗಿರುತ್ತದೆ. ಆ ಕಾಗದದ ಮೇಲೆಯೇ ಇದ್ದಿಲಿನಲ್ಲಿ ಒರಟಾಗಿ ಬರೆದು, ಆರು ಅಡಿ ಹಿಂದೆ ಸರಿದು ನೋಡಿ. ಅಲ್ಲಿಂದ ಕಾಣದ ವಿವರ ಪಕ್ಕದ ಹಲಗೆಗೆ ಬೇಡ. ಸಣ್ಣ ಕುಸುರಿಯನ್ನು ಆಡುವವನ ಕಣ್ಣಿಗೆ ಹತ್ತಿರವಿರುವ ಬಟನ್ ಹಲಗೆಗೆ, ಅಂದರೆ ಕಂಟ್ರೋಲ್ ಪ್ಯಾನೆಲಿಗೆ, ಇಟ್ಟುಕೊಳ್ಳಿ. ಪರದೆಯ ಸುತ್ತಲಿನ ಬೆಜೆಲ್ ಆದಷ್ಟು ಕಪ್ಪಾಗಿರಲಿ, ಅಲ್ಲಿ ಚಿತ್ರ ತುಂಬಿದರೆ ಆಟದಿಂದ ಕಣ್ಣು ಜಾರುತ್ತದೆ.

ಗೆರೆಯ ಚಿತ್ರವಾದರೆ ಇಂಕ್‌ಸ್ಕೇಪಿನಲ್ಲಿ ವೆಕ್ಟರ್ ಆಗಿ, ಅಂದರೆ ಪಿಕ್ಸೆಲ್ ಬದಲು ಗೆರೆಗಳ ಲೆಕ್ಕದಲ್ಲಿ, ಮಾಡಿ. ತಂತ್ರಾಂಶ ಉಚಿತ, ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗುವುದಿಲ್ಲ. ಕುಂಚದ ಚಿತ್ರವನ್ನು ಸ್ಕ್ಯಾನ್ ಮಾಡುವುದಾದರೆ ನಿಜ ಗಾತ್ರದಲ್ಲಿ ಇಂಚಿಗೆ 150 ಪಿಕ್ಸೆಲ್ ಪಕ್ಕದ ಹಲಗೆಗೆ ಸಾಕು. 24 ಇಂಚು ಅಗಲ, 66 ಇಂಚು ಎತ್ತರಕ್ಕೆ ಅದು 3600ಕ್ಕೆ 9900 ಪಿಕ್ಸೆಲ್ ಆಗುತ್ತದೆ. ಸುತ್ತಲೂ ಅರ್ಧ ಇಂಚು ಹೆಚ್ಚುವರಿ ಚಿತ್ರ ಇರಲಿ, ಅಂಟಿಸಿದ ಮೇಲೆ ಕತ್ತರಿಸಬಹುದು.

ಪೆಟ್ಟಿಗೆಯ ತಲೆಯ ಮೇಲೆ ಹೆಸರು ಬೆಳಗುವ ಮಾರ್ಕೀ ಫಲಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಾನು ಹಣ ಕಳೆದುಕೊಂಡದ್ದು ಅಲ್ಲಿಯೇ. ಹಿಂದಿನಿಂದ ಎಲ್‌ಇಡಿ ಬೆಳಕು ಬರುವುದರಿಂದ ಅದನ್ನು ಬೆಳಕು ಹಾಯುವ ಬ್ಯಾಕ್‌ಲಿಟ್ ಫಿಲ್ಮ್ ಮೇಲೆ ಮುದ್ರಿಸಿ, ಎರಡು ಅಕ್ರಿಲಿಕ್ ಹಾಳೆಗಳ ನಡುವೆ ಇಡುತ್ತಾರೆ. ನಾನು ದಪ್ಪ ಅಕ್ಷರಗಳಲ್ಲಿ ‘ಕುಡ್ಲ ಪಿಲಿ’ (ತುಳುವಿನಲ್ಲಿ ಮಂಗಳೂರಿನ ಹುಲಿ) ಎಂದು ಬರೆದು ಮುದ್ರಣದವರಿಗೆ ಕೊಟ್ಟೆ. ಅವರ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ. ‘ಡ್ಲ’ದ ಒತ್ತು ಕಳಚಿ ಬೇರೆಯಾಗಿ ‘ಕುಡ್‌ ಲ’ ಎಂದು ಅಚ್ಚಾಗಿ ಬಂತು! ಅದರ ಮೇಲೆ ನಾನು ಪಟ್ಟ ಬೇಸರ ಅಷ್ಟಿಷ್ಟಲ್ಲ. ಕನ್ನಡದ ಅಕ್ಷರವಿದ್ದರೆ ಕಡತ ಕೊಡುವ ಮೊದಲು ಅಕ್ಷರಗಳನ್ನೆಲ್ಲ ಆಕೃತಿಗಳಾಗಿ ಪರಿವರ್ತಿಸಿ, ಪಿಡಿಎಫ್ ಮಾಡಿ, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಇನ್ನೊಂದು ವಿಷಯ, ಬೆಳಕು ಅಂಚಿನಲ್ಲಿ ಚೆಲ್ಲುತ್ತದೆ. ತಿಳಿ ಅಕ್ಷರವನ್ನು ಗಾಢ ಹಿನ್ನೆಲೆಯ ಮೇಲೆ ಬರೆಯುವಾಗ ಅಕ್ಷರಗಳ ಒಳಗಿನ ಸಂದು, ಒತ್ತಿನ ಮೇಲಿನ ಸಂದು ಎರಡನ್ನೂ ಸಾಮಾನ್ಯಕ್ಕಿಂತ ಹೆಚ್ಚು ಬಿಡಿ.

ಪರದೆಯಲ್ಲಿ ಉರಿಯುವಂತೆ ಕಾಣುವ ಕಿತ್ತಳೆ, ಹಸಿರು ಬಣ್ಣಗಳು ಮುದ್ರಣದಲ್ಲಿ ಮಂಕಾಗುತ್ತವೆ. ಪೂರ್ತಿ ಮುದ್ರಿಸುವ ಮೊದಲು, ಹಲಗೆಗೆ ಅಂಟಿಸುವ ಅದೇ ವಿನೈಲ್ ಹಾಳೆಯಲ್ಲಿ, ಅದೇ ಲ್ಯಾಮಿನೇಷನ್ ಸಹಿತ, ಒಂದು ಅಡಿಯ ತುಂಡು ಮಾಡಿಸಿ ನೋಡಿ. ಪಕ್ಕಗಳಿಗೆ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ನೇ ಒಳ್ಳೆಯದು, ಹೊಳಪಿನದರಲ್ಲಿ ಟ್ಯೂಬ್‌ಲೈಟ್ ಪ್ರತಿಫಲಿಸಿ ಚಿತ್ರವೇ ಕಾಣುವುದಿಲ್ಲ.

ವಸ್ತುವನ್ನು ನಮ್ಮೂರಿನಿಂದಲೇ ಆರಿಸಿಕೊಳ್ಳಿ: ಕಂಬಳದ ಕೋಣ, ಯಕ್ಷಗಾನದ ಕಿರೀಟದ ವಿನ್ಯಾಸ, ಮಲ್ಪೆಯ ದೋಣಿಗಳ ಬಣ್ಣದ ಪಟ್ಟಿಗಳು. ಭೂತಕೋಲದ ದೈವದ ಮೊಗ, ಬೆನ್ನಿಗೆ ಕಟ್ಟುವ ಅಣಿ ಮಾತ್ರ ಬೇಡ. ಕೆಳಗಿನ ಹಲಗೆಗೆ ಆಡುವವರ ಕಾಲು ತಾಗುತ್ತದೆ. ಮೇಲೆ ಹಾಕಿದರೂ ಅದು ಆಟದ ಅಲಂಕಾರವಾಗುವ ವಸ್ತುವಲ್ಲ ಎಂಬುದು ನನ್ನ ನಂಬಿಕೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಟಿಸುವ ಕೆಲಸ ಇಟ್ಟುಕೊಳ್ಳಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮರ ತೇವ ಕುಡಿದಿರುತ್ತದೆ, ವಿನೈಲ್ ಗುಳ್ಳೆ ಏಳುತ್ತದೆ. ಹಲಗೆಗೆ ಪ್ರೈಮರ್, ಬಣ್ಣ ಬಳಿದು, ಉಜ್ಜಿ, ಪೂರ್ತಿ ಒಣಗಿದ ಮೇಲೆ ಸೋಪಿನ ನೀರು ಚಿಮುಕಿಸಿ ಮೇಲಿನಿಂದ ಕೆಳಕ್ಕೆ ಸ್ವಲ್ಪಸ್ವಲ್ಪವೇ ಕೂರಿಸಿ. ಬಟನ್ ರಂಧ್ರದ ಮೇಲೆ ಬಂದ ಹಾಳೆಯನ್ನು ವೃತ್ತಾಕಾರವಾಗಿ ಕತ್ತರಿಸಬೇಡಿ. ನಡುವಿನಿಂದ ಅಂಚಿನವರೆಗೆ ನಕ್ಷತ್ರದಂತೆ ಸೀಳಿ, ಎಸಳುಗಳನ್ನು ರಂಧ್ರದೊಳಕ್ಕೆ ಮಡಚಿ. 30 ಮಿಲಿಮೀಟರಿನ ಬಟನ್ ಕೂತಾಗ ಅದರ ಅಂಚು ಆ ಮಡಿಕೆಯನ್ನು ಮುಚ್ಚಿಕೊಳ್ಳುತ್ತದೆ.