ಸಂಘ ಅಳಿದ ಕಾಲವನ್ನೂ ಬರೆಯಿರಿ

ಪ್ರಿಯ ಲೇಖಕಿಯವರೇ,

ಭಿಕ್ಷುಣಿ ಸಂಘವನ್ನು, ಅಂದರೆ ಬೌದ್ಧ ಸನ್ಯಾಸಿನಿಯರ ಸಂಘವನ್ನು ಕುರಿತ ನಿಮ್ಮ ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆವು. ಆದರೆ ವಿಷಯವನ್ನು ದಯವಿಟ್ಟು ಕೈಬಿಡಬೇಡಿ. ಇದನ್ನು ಕನ್ನಡದಲ್ಲಿ ಬರೆಯುವವರು ಬೇಕು.

ಅಶೋಕನ ಮಗಳು ಸಂಘಮಿತ್ರೆಯ ಪರಂಪರೆ ಶ್ರೀಲಂಕಾದಲ್ಲಿ ಇಂದಿನವರೆಗೂ 'ಅಖಂಡವಾಗಿ' ನಡೆದು ಬಂದಿದೆ ಎಂದು ಮೂರು ಕಡೆ ಬರೆದಿದ್ದೀರಿ. ಅದು ನಿಜವಲ್ಲ. 993ರ ಸುಮಾರಿಗೆ ಚೋಳರ ದಾಳಿಯಿಂದ ಅಲ್ಲಿನ ರಾಜಧಾನಿ ಅನುರಾಧಪುರ ಹಾಳಾಯಿತು. 1070ರಲ್ಲಿ ಚೋಳರನ್ನು ಹೊರಗಟ್ಟಿದ ಅಲ್ಲಿನ ದೊರೆ ಒಂದನೆಯ ವಿಜಯಬಾಹು, ಉಪಸಂಪದೆ (ಪೂರ್ಣ ದೀಕ್ಷೆ) ಕೊಡಲು ಬೇಕಾದಷ್ಟು ಭಿಕ್ಷುಗಳೂ ಉಳಿದಿಲ್ಲದ್ದನ್ನು ಕಂಡು ಬರ್ಮಾದಿಂದ ಭಿಕ್ಷುಗಳನ್ನು ಕರೆಸಿದ. ಭಿಕ್ಷುಣಿಯರ ಸಂಘ ಮಾತ್ರ ಮತ್ತೆ ಏಳಲಿಲ್ಲ. ಸುಮಾರು ಒಂಬೈನೂರು ವರ್ಷಗಳ ಈ ಇಲ್ಲದಿರುವಿಕೆಯನ್ನು 'ಅಖಂಡ' ಎಂಬ ಒಂದು ಮಾತಿನಿಂದ ಮುಚ್ಚಿಬಿಟ್ಟರೆ, ಅಷ್ಟೂ ಕಾಲ ದೀಕ್ಷೆ ಬಯಸಿಯೂ ಸಿಗದ ಹೆಂಗಸರಿಗೆ ಅನ್ಯಾಯವಾಗುತ್ತದೆ. ನನಗೆ ಬೇಸರವಾದದ್ದು ಇಲ್ಲಿಯೇ.

ದೀಕ್ಷೆಯ ಕ್ರಮವನ್ನು ವಿವರಿಸದಿದ್ದರೆ ಈ ನಷ್ಟ ಓದುಗರಿಗೆ ಅರ್ಥವಾಗುವುದಿಲ್ಲ. ಸಂಘದ ನಿಯಮಗಳಾದ ವಿನಯದ ಪ್ರಕಾರ ಭಿಕ್ಷುಣಿಯಾಗುವವಳಿಗೆ ಮೊದಲು ಭಿಕ್ಷುಣಿ ಸಂಘ, ಬಳಿಕ ಭಿಕ್ಷು ಸಂಘ, ಎರಡೂ ಒಪ್ಪಿಗೆ ಕೊಡಬೇಕು. ಒಂದು ಸಂಘ ಅಳಿದರೆ ದಾರಿಯೇ ಮುಚ್ಚಿತು. ಸಿಂಹಳದ ಪ್ರಾಚೀನ ಇತಿಹಾಸ ಕಾವ್ಯವಾದ ಮಹಾವಂಶದ ಕಥೆಯಲ್ಲಿ ಅಲ್ಲಿನ ರಾಜಮನೆತನದ ಅನುಲಾ ದೇವಿಗೆ ತಾನು ದೀಕ್ಷೆ ಕೊಡಲಾಗದೆ ಅಶೋಕನ ಮಗ ಭಿಕ್ಷು ಮಹಿಂದ ತಂಗಿ ಸಂಘಮಿತ್ರೆಯನ್ನು ಕರೆಸಿದ್ದೂ ಇದರಿಂದಲೇ. ನೀವು ಅದನ್ನು ಅಣ್ಣ ತಂಗಿಯರ ಪ್ರೀತಿಯ ಪ್ರಸಂಗವಾಗಿಸಿದ್ದೀರಿ.

ಎಲ್ಲಕ್ಕಿಂತ ದೊಡ್ಡ ಘಟನೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಐದನೆಯ ಶತಮಾನದ ಮೊದಲರ್ಧದಲ್ಲಿ ಸಿಂಹಳದ ಭಿಕ್ಷುಣಿಯರು ವ್ಯಾಪಾರಿ ಹಡಗಿನಲ್ಲಿ ಚೀನಾಕ್ಕೆ, ಇಂದಿನ ನಾನ್‌ಜಿಂಗ್‌ಗೆ ಹೋದರು. ದೀಕ್ಷೆ ಕೊಡಲು ಹತ್ತು ಭಿಕ್ಷುಣಿಯರು ಬೇಕಿತ್ತು, ಮೊದಲು ಹೋದವರ ಸಂಖ್ಯೆ ಅಷ್ಟನ್ನು ಮುಟ್ಟಲಿಲ್ಲ. ಅವರು ಅಲ್ಲಿಯೇ ಉಳಿದು ಚೀನೀ ಭಾಷೆ ಕಲಿತರು. 433ರ ಸುಮಾರಿಗೆ ಇನ್ನಷ್ಟು ಮಂದಿ ಬಂದ ಮೇಲೆ ಮುನ್ನೂರಕ್ಕೂ ಹೆಚ್ಚು ಚೀನೀ ಹೆಂಗಸರು ಎರಡೂ ಸಂಘಗಳಿಂದ ದೀಕ್ಷೆ ಪಡೆದರು. ಸಿಂಹಳದಲ್ಲಿ ಅಳಿದದ್ದು ಅಲ್ಲಿ ಉಳಿಯಿತು. 1998ರಲ್ಲಿ ಬುದ್ಧಗಯೆಯಲ್ಲಿ ಚೀನೀ ಪರಂಪರೆಯ, ತೈವಾನಿನ ಬೌದ್ಧ ಸಂಸ್ಥೆ ಫೋ ಗುವಾಂಗ್ ಶಾನ್ ಏರ್ಪಡಿಸಿದ ಉಪಸಂಪದೆಯಲ್ಲಿ ಶ್ರೀಲಂಕಾದ ಹೆಂಗಸರೂ ಭಿಕ್ಷುಣಿಯರಾದರು. ಚೀನೀ ಪರಂಪರೆ ಧರ್ಮಗುಪ್ತಕ ಎಂಬ ಬೇರೆ ಪಂಥದ ವಿನಯದ್ದು, ಶ್ರೀಲಂಕಾದವರು ಅನುಸರಿಸುವ ಥೇರವಾದದ್ದಲ್ಲ ಎಂಬ ಆಕ್ಷೇಪ ಇಂದಿಗೂ ಇದೆ. ಆ ಆಕ್ಷೇಪವನ್ನೂ ಅದಕ್ಕೆ ಭಿಕ್ಷುಣಿಯರು ಕೊಡುವ ಉತ್ತರವನ್ನೂ ಬರೆಯಿರಿ. ಲೇಖನದ ಜೀವ ಅಲ್ಲಿದೆ.

ಮುಂಡಗೋಡಿನ ಟಿಬೆಟನ್ ಬೌದ್ಧರ ಭಾಗ ಚೆನ್ನಾಗಿದೆ. 2016ರ ಡಿಸೆಂಬರಿನಲ್ಲಿ ಇಪ್ಪತ್ತು ಸನ್ಯಾಸಿನಿಯರು ದಲೈ ಲಾಮಾ ಅವರಿಂದ ಗೆಶೆಮಾ ಪದವಿ ಪಡೆದದ್ದನ್ನು ನೀವು ಮನಸ್ಸಿಟ್ಟು ಬರೆದಿದ್ದೀರಿ. ಆದರೆ ಆ ಮೂಲಕ ಅವರು ಪೂರ್ಣ ಭಿಕ್ಷುಣಿಯರಾದರು ಎಂಬುದು ತಪ್ಪು. ಗೆಶೆಮಾ ವಿದ್ವತ್ತಿಗೆ ಸಿಗುವ ಪದವಿ, ದೀಕ್ಷೆ ಬೇರೆ. ಟಿಬೆಟಿನಲ್ಲಿ ಭಿಕ್ಷುಣಿ ಪರಂಪರೆ ನೆಲೆಗೊಳ್ಳಲಿಲ್ಲ. 2022ರಲ್ಲಿ ಭೂತಾನಿನಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಪೂರ್ಣ ದೀಕ್ಷೆ ಸಿಕ್ಕಿದ್ದು ಅದಕ್ಕಾಗಿಯೇ ದೊಡ್ಡ ಸುದ್ದಿಯಾಯಿತು.

ಬುದ್ಧನ ಬಾಲ್ಯದ ಎರಡು ಪುಟಗಳನ್ನು ತೆಗೆಯಿರಿ, ಅದು ಓದುಗರಿಗೆ ಗೊತ್ತು. ನಾನ್‌ಜಿಂಗ್‌ನಿಂದ ಆರಂಭಿಸಿ. ತಿದ್ದಿದ ಪ್ರತಿಯನ್ನು ಬೇರೆಡೆಗೆ ಕಳಿಸುವ ಮೊದಲು ನನಗೇ ಕಳಿಸಿ.

ವಿಶ್ವಾಸದಿಂದ,
ಸಂಪಾದಕ