ನರಹುಲಿಯನ್ನು ಕಿತ್ತರೂ ಮತ್ತೆ ಅದೇ ಜಾಗದಲ್ಲಿ ಬರುವುದೇಕೆ?

ಕಿತ್ತದ್ದು ಗಂಟನ್ನು ಮಾತ್ರ, ವೈರಸ್ ಅನ್ನು ಅಲ್ಲ, ಅದಕ್ಕೇ. ನರಹುಲಿಗೂ ನರಕ್ಕೂ ಸಂಬಂಧವಿಲ್ಲ, ಅದಕ್ಕೆ ಬೇರೂ ಇಲ್ಲ. ಎಚ್‌ಪಿವಿ ಎಂಬ ವೈರಸ್ ಸಣ್ಣ ಗಾಯ, ಬಿರುಕುಗಳ ಮೂಲಕ ಚರ್ಮದ ಮೇಲ್ಪದರಕ್ಕೆ ಹೊಕ್ಕು, ಅಲ್ಲಿನ ಜೀವಕೋಶಗಳು ವಿಪರೀತ ಬೆಳೆಯುವಂತೆ ಮಾಡುತ್ತದೆ. ಅದು ರಕ್ತಕ್ಕೆ ಇಳಿಯುವುದೇ ಇಲ್ಲ. ಹಾಗಾಗಿ ದೇಹದ ರೋಗನಿರೋಧಕ ಶಕ್ತಿಗೆ ಅದರ ಸುಳಿವು ಸಿಗುವುದು ತಡ. ಸುತ್ತಲಿನ ಚರ್ಮ ನೋಡಲು ಚೆನ್ನಾಗಿದ್ದರೂ ಅದರಲ್ಲಿ ವೈರಸ್ ಉಳಿದಿರಬಹುದು. ಬ್ಲೇಡಿನಿಂದ ಕೆರೆದರೆ ಪಕ್ಕದಲ್ಲೇ ಇನ್ನೆರಡು ಏಳುವುದೂ ಉಂಟು.

ಹತ್ತಿರದಿಂದ ನೋಡಿದರೆ ಒಳಗೆ ಕಪ್ಪು ಚುಕ್ಕಿಗಳು ಕಾಣುತ್ತವೆ. ಜನ ಬೇರು ಅಂದುಕೊಳ್ಳುವುದು ಇದನ್ನೇ. ಅಸಲಿಗೆ ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು.

ದೇಹ ಒಮ್ಮೆ ಗುರುತು ಹಿಡಿದರೆ ನರಹುಲಿ ತಾನಾಗಿಯೇ ಉದುರುತ್ತದೆ. ಮಕ್ಕಳಲ್ಲಿ ಹೆಚ್ಚಿನವು 2 ವರ್ಷದೊಳಗೆ ಹೋಗುತ್ತವೆ. ಕಾಯಲು ಮನಸ್ಸಿಲ್ಲದಿದ್ದರೆ ಸ್ಯಾಲಿಸಿಲಿಕ್ ಆಮ್ಲದ ಔಷಧಿ ಒಳ್ಳೆಯದು: ಬೆಚ್ಚಗಿನ ನೀರಿನಲ್ಲಿ 5 ನಿಮಿಷ ನೆನೆಸಿ, ಮೆತ್ತಗಾದ ಸತ್ತ ಚರ್ಮವನ್ನು ಅರದಿಂದ (ಉಗುರು ಉಜ್ಜುವ ಫೈಲ್) ಉಜ್ಜಿ ತೆಗೆದು, ನರಹುಲಿಯ ಮೇಲಷ್ಟೇ ಹಚ್ಚಬೇಕು. ದಿನಾಲೂ, 12 ವಾರದವರೆಗೆ. ಹೆಚ್ಚಿನವರು ಮೂರನೇ ವಾರಕ್ಕೇ ಬೇಸತ್ತು ಬಿಡುತ್ತಾರೆ, ಸೋಲುವುದು ಅಲ್ಲೇ. ನರಹುಲಿ ಉಜ್ಜಲು ಬಳಸಿದ ಅರವನ್ನು ಬೇರೆ ಕಡೆ ಬಳಸಬೇಡಿ. ವೈದ್ಯರು ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸಿಯೂ ತೆಗೆಯುತ್ತಾರೆ. ಅದಕ್ಕೂ ಹಲವು ಸರದಿ ಬೇಕು.

ಮುಖ ಅಥವಾ ಜನನಾಂಗದ ಮೇಲಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ರಕ್ತ ಸೋರುತ್ತಿದ್ದರೆ ಮನೆಮದ್ದು ಬೇಡ, ನೇರವಾಗಿ ಚರ್ಮವೈದ್ಯರಿಗೆ ತೋರಿಸಿ.